ಹದಿನಾಲ್ಕನೆಯ ಗಂಟು

ನನ್ನ ಕೈ ಬಲು ಚುರುಕು. ಇದನ್ನು ನಾನೇ ಹೇಳಿಕೊಳ್ಳಬಾರದು, ಗೊತ್ತು. ಆದರೆ ಊರೆಲ್ಲ ಹೇಳುವುದನ್ನು ನಾನೊಬ್ಬಳು ಹೇಳದೆ ಕೂತರೆ ಅದೂ ಒಂದು ಬಗೆಯ ಬಿಂಕವೇ. ಹತ್ತೊಂಬತ್ತನೆಯ ವಯಸ್ಸಿಗೆ ಜೋಡಿಗಡಿತದ ಹುರಿಯೊಂದನ್ನು ಒಬ್ಬಳೇ ಕೂಡಿಸಿದವಳು ನಾನು. ಅದಕ್ಕೆಂದು ಹಿರಿಯರು ಬೆಳ್ಳಿಯ ದಬ್ಬಣ ಕೊಟ್ಟರು. ಹನ್ನೊಂದು ವರ್ಷ ಅದನ್ನು ತುರುಬಿಗೆ ಸಿಕ್ಕಿಸಿಕೊಂಡು ಮೆರೆದೆ. ಆ ಹುರಿಯನ್ನು ನಾನು ತಪ್ಪಾಗಿ ಕೂಡಿಸಿದ್ದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು.

ನಮ್ಮೂರಲ್ಲಿ ಹುಟ್ಟಿದವರಿಗೆಲ್ಲ ಹುರಿಮನೆಯಲ್ಲಿ ಒಂದೊಂದು ಗೂಟ, ಗೂಟಕ್ಕೊಂದು ಹುರಿ. ಒಂದನ್ನೊಂದು ಸುತ್ತಿಕೊಂಡ ಎರಡು ಎಳೆಗಳು, ಎಳೆಯುದ್ದಕ್ಕೂ ನಾಲ್ಕು ಬಣ್ಣದ ಗಂಟುಗಳು. ಈ ಎಳೆಯಲ್ಲಿ ಕೆಂಪಿದ್ದರೆ ಎದುರೆಳೆಯಲ್ಲಿ ಬಿಳಿ. ಇಲ್ಲಿ ಕಪ್ಪಿದ್ದರೆ ಅಲ್ಲಿ ಹಳದಿ. ಇದು ತಪ್ಪುವ ಮಾತೇ ಇಲ್ಲ. ಯಾರ ಕೂದಲು ಗುಂಗುರು, ಯಾರ ಗಲ್ಲದಲ್ಲಿ ಗುಳಿ, ಯಾರಿಗೆ ಮಂಜುಗಣ್ಣು ಬರುತ್ತದೆ, ಎಲ್ಲ ಆ ಗಂಟುಗಳ ಸಾಲಿನಲ್ಲೇ ಇದೆ. ವರ್ಷಕ್ಕೊಮ್ಮೆ, ಅವರವರು ಹುಟ್ಟಿದ ದಿನದ ನಡುಮಧ್ಯಾಹ್ನ, ಹುರಿ ತಾನಾಗಿಯೇ ಬಿಚ್ಚಿಕೊಂಡು ಎರಡು ಎಳೆ ಎರಡು ಕಡೆಯಾಗುತ್ತದೆ. ಒಂದೊಂದಕ್ಕೂ ನಾವು ಹುರಿಗಾರ್ತಿಯರು ಗಂಟಿಗೆ ಗಂಟು ನೋಡಿ ಹೊಸ ಜೊತೆಯೆಳೆ ಹೊಸೆಯುತ್ತೇವೆ. ಎರಡು ಹುರಿಯಾದ ಮೇಲೆ ಒಂದು ಗೂಟಕ್ಕೆ, ಇನ್ನೊಂದು ಹೊಳೆಗೆ. ಬಿಚ್ಚಿಕೊಳ್ಳುವ ಗಳಿಗೆಯಲ್ಲಿ ಹುರಿ ಹೇಗಿತ್ತೋ ಮನುಷ್ಯನ ಮೈ ಇನ್ನು ಹಾಗೆ. ಅದರಲ್ಲಿ ತಪ್ಪೊಂದು ಸೇರಿದ್ದರೆ ಅದೂ ತನ್ನ ಜೊತೆಯ ಗಂಟನ್ನು ಎದುರಿಗೆ ಕೂರಿಸಿಕೊಂಡು ಸಾಚಾ ಆಗಿಬಿಡುತ್ತದೆ. ಆಮೇಲೆ ಯಾರು ನೋಡಿದರೂ ಅದು ತಪ್ಪೆಂದು ಗೊತ್ತಾಗುವುದಿಲ್ಲ.

ತಪ್ಪು ಎಲ್ಲಿಂದ ಬರುತ್ತದೆ ಅಂದರೆ, ಕಲ್ಲಿನಿಂದ. ನಮ್ಮ ಮನೆ, ಕಟ್ಟೆ, ಬಾವಿ ಎಲ್ಲ ಸಿಡಿಗಲ್ಲಿನವು. ಬೇರೆ ಕಲ್ಲು ನಮ್ಮಲ್ಲಿಲ್ಲ. ಅದರ ಒಂದೊಂದು ಕಣವೂ ತನ್ನ ಆಯುಸ್ಸಿನಲ್ಲಿ ಒಮ್ಮೆ ಟಿಕ್ ಎಂದು ಸಿಡಿದು, ಕಿಡಿ ಉಗುಳಿ, ಬೇರೆಯೇ ಕಣವಾಗಿ ಸುಮ್ಮನಾಗುತ್ತದೆ. ಯಾವ ಕಣ ಯಾವಾಗ ಎಂದು ಕೇಳಿದರೆ ಯಾವ ಜೋಯಿಸನಿಗೂ ಹೇಳಲು ಬಾರದು. ಇಡೀ ಗೋಡೆಯ ಲೆಕ್ಕ ಮಾತ್ರ ಪಕ್ಕಾ: ನಮ್ಮಜ್ಜಿಯ ಬಾಲ್ಯದಲ್ಲಿ ಗಳಿಗೆಗೆ ನೂರು ಟಿಕ್ ಕೇಳಿಸುತ್ತಿದ್ದ ಗೋಡೆ ನನ್ನ ಬಾಲ್ಯದಲ್ಲಿ ಐವತ್ತಕ್ಕೆ ಇಳಿದಿತ್ತು. ಸಣ್ಣ ಕಿಡಿ ಗೋಡೆ ದಾಟಿ ಬಂದು ಎಲ್ಲೋ ಒಂದೆಳೆ ಕಚ್ಚಿ ಹೋಗುತ್ತದೆ. ಕೆಲವು ಕಿಡಿ ನೇರ ಹುರಿಗೆ ತಾಗದೆ ಹತ್ತಿರದ ತೇವಕ್ಕೆ ಬೀಳುತ್ತವೆ. ಆ ನೀರು ಒಂದು ಕ್ಷಣ ಹುಚ್ಚು ಹಿಡಿದಂತೆ ಪಕ್ಕದ ಎಳೆಯನ್ನು ಕೊರೆಯುತ್ತದೆ. ಅದಕ್ಕೇ ಹುರಿಮನೆಯ ಮೂಲೆಮೂಲೆಯಲ್ಲೂ ನೆಲ್ಲಿಕಾಯಿ ಜಜ್ಜಿ ಹಾಕಿದ ಮಡಕೆ ಇಟ್ಟಿರುತ್ತೇವೆ, ನೀರು ತಣ್ಣಗಿರಲೆಂದು. ಒಂದೆಳೆ ಕಡಿದರೆ ಅದೇನು ಮಹಾ, ಎದುರೆಳೆ ನೋಡಿಕೊಂಡು ಕಟ್ಟಿದರಾಯಿತು. ದಿನಕ್ಕೆ ನೂರು ಕಟ್ಟುತ್ತೇನೆ, ಹರಟೆ ಹೊಡೆಯುತ್ತ. ನಮಗೆ ಎದೆ ನಡುಗುವುದು ದಪ್ಪ ಕಿಡಿಗೆ. ಅದು ಒಂದು ಗೇಣು ದೂರವೂ ಹಾರದು, ಕಾಗದ ಅಡ್ಡ ಹಿಡಿದರೂ ನಿಲ್ಲುತ್ತದೆ. ಆದರೆ ಕಲ್ಲಿನ ಧೂಳು ಹುರಿಗೇ ಅಂಟಿ ಕೂತಿದ್ದರೆ ಮುಗಿಯಿತು ಕಥೆ, ಎರಡೂ ಎಳೆ ಒಟ್ಟಿಗೆ ತುಂಡು. ಅದೇ ಜೋಡಿಗಡಿತ.

ಹನ್ನೊಂದು ವರ್ಷದ ಹಿಂದೆ ಪದ್ಮಕ್ಕನ ಹುರಿಗೆ ಆದದ್ದು ಅದೇ. ಪದ್ಮಕ್ಕ, ಕಸ್ತೂರಕ್ಕ ಅವಳಿಗಳು. ಮಸಾಲೆ ಖಾರ ಕುಟ್ಟಿ ಮಾರುವವರು. ಅವರ ಬಾಣಲೆಯ ಘಮಕ್ಕೆ ಕೆಳಗಿನ ಓಣಿಯ ಜನ ಊಟದ ಹೊತ್ತು ತಿಳಿಯುತ್ತಿದ್ದರು. ಅವಳಿಗಳೆಂದರೆ ಗಂಟು ಗಂಟೂ ಒಂದೇ. ಪದ್ಮಕ್ಕನ ಹುರಿಯ ಮೂರನೆಯ ಗೇಣಿನಲ್ಲಿ ಕಡಿತ ಬಿದ್ದಾಗ ಮಿಕ್ಕ ಗಂಟುಗಳೆಲ್ಲ ಆ ಎಳೆಯಲ್ಲೋ ಈ ಎಳೆಯಲ್ಲೋ ಓದಲು ಸಿಕ್ಕವು, ಹದಿನಾಲ್ಕನೆಯದು ಮಾತ್ರ ಎರಡರಲ್ಲೂ ಸುಟ್ಟುಹೋಗಿತ್ತು. ಕಸ್ತೂರಕ್ಕನ ಗೂಟ ಏಳು ಹೆಜ್ಜೆ ಆಚೆ ಇತ್ತು. ಹೋಗಿ ನೋಡಿದ್ದರೆ ತೀರುತ್ತಿತ್ತು. ಆದರೆ ನನಗೆ ಎಂಥ ಹುರುಪು ಅಂತೀರಿ! ಸೋದರತ್ತೆ ಬರುವುದರೊಳಗೆ ಒಬ್ಬಳೇ ಮುಗಿಸಿ ತೋರಿಸಬೇಕು. ಕೆಂಪು ಇರಬೇಕು ಅಂದುಕೊಂಡು ಕೆಂಪು ಕಟ್ಟಿದೆ. ಮರುದಿನ, ಹುರಿ ಬಿಚ್ಚಿ ಹೊಸೆದಾದ ಮೇಲೆ, ಸುಮ್ಮನೆ ಕುತೂಹಲಕ್ಕೆ ಕಸ್ತೂರಕ್ಕನ ಗೂಟದ ಬಳಿ ಹೋಗಿ ಎಣಿಸಿದೆ. ಹಳದಿ ಇತ್ತು. ದಬ್ಬಣ ಆಗಲೇ ತುರುಬಿನಲ್ಲಿತ್ತು, ಬಾಯಿ ಬಿಡಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಪದ್ಮಕ್ಕನ ಮೂಗು ಸತ್ತಿತು. ಯಾವ ವಾಸನೆಯೂ ಇಲ್ಲ. ಮಸಾಲೆಯವಳಿಗೆ ಮೂಗಿಲ್ಲ ಎಂದರೆ ಯಾರು ಕೊಳ್ಳುತ್ತಾರೆ, ಅವಳು ಯಾರಿಗೂ ಹೇಳಲಿಲ್ಲ. ಖಾರ ಎರಡು ಸಲ ಸೀದಿತು, ಮೂರನೆಯ ಸಲ ಹಸಿಯಾಗಿ ಉಳಿಯಿತು. ಏನಾಗಿದೆ ಎಂದು ನಾನೊಬ್ಬಳು ಊಹಿಸಿದೆ. ಬೇಕೆಂದೇ ಹೆಸರು ಕೆಡಿಸುತ್ತಿದ್ದಾಳೆ ಎಂದು ಕಸ್ತೂರಕ್ಕ ಕೂಗಾಡಿದಳು, ಪದ್ಮಕ್ಕ ಮರುಮಾತಾಡದೆ ತನ್ನ ಹುರಿಯನ್ನು ಗೂಟದಿಂದ ಬಿಚ್ಚಿಕೊಂಡು ಮೇಲಿನ ಓಣಿಗೆ ಹೊರಟುಹೋದಳು. ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ಖಾಲಿಯಾದ ಆ ಗೂಟಕ್ಕೆ ತನ್ನ ಹುರಿ ಹಾಕಬೇಕೆಂದು ಕಸ್ತೂರಕ್ಕ ಹಟ ಹಿಡಿದಳು. ಸಿಟ್ಟಿಗೆ ಎಂದಳು, ನಾನು ನಂಬಲಿಲ್ಲ.

ಇನ್ನು ಹನ್ನೊಂದು ವರ್ಷದ ಮೇಲೆ ನಡೆದ ವಿಷಯ. ಅವಳಿಗಳು ಹುಟ್ಟಿದ ದಿನ. ಸಾವಂತ್ರೆವ್ವತ್ತೆ, ಅಂದರೆ ನನಗೆ ಈ ಕೆಲಸ ಕಲಿಸಿದ ಸೋದರತ್ತೆ, ಪ್ರತಿ ವರ್ಷದಂತೆ ಪದ್ಮಕ್ಕನ ಹುರಿ ಹೊಸೆಯಲು ಮೇಲಿನ ಓಣಿಗೆ ಹೋಗಿದ್ದಳು. ಹುರಿಮನೆಯಲ್ಲಿ ನಾನು, ಎದುರಿಗೆ ಇಳಕಲ್ ಸೀರೆ ಉಟ್ಟು ಕೂತ ಕಸ್ತೂರಕ್ಕ. ಅಂಗಳದ ಕಂಬದ ನೆರಳು ಇನ್ನೂ ಮೂರು ಗೇಣಿತ್ತು. ಅದು ಬುಡ ಸೇರಿದರೆ ನಡುಮಧ್ಯಾಹ್ನ. ನಾನು ಹುರಿಯನ್ನು ಗೂಟದಿಂದ ತೆಗೆದು ಮಣೆಯ ಮೇಲೆ ಹಾಸಿದೆ. ಟಿಕ್.

ಆ ಸದ್ದು ನನ್ನ ಹಲ್ಲಿಗೇ ತಾಗಿದಂತಾಯಿತು. ನೋಡುತ್ತೇನೆ, ಮೂರನೆಯ ಗೇಣು ಹೊಗೆಯಾಡುತ್ತಿದೆ. ಎರಡೂ ಎಳೆ ತುಂಡು. ಆ ಗೇಣಿನ ಇಪ್ಪತ್ತೊಂದು ಗಂಟೂ ಕಪ್ಪಿಟ್ಟು ಪುಡಿ. ಅದೇ ಗೂಟ, ಅದರ ಹಿಂದಿನ ಗೋಡೆಯಲ್ಲಿ ಅದೇ ಬಿರುಕು, ಅದೇ ಎತ್ತರ! ಹನ್ನೊಂದು ವರ್ಷದಿಂದ ಆ ಬಿರುಕಿನಲ್ಲಿ ಧೂಳು ಕೂತೇ ಇತ್ತು. ಒದ್ದೆ ಬಟ್ಟೆಯಲ್ಲಿ ದಿನವೂ ಮೇಲೆ ಮೇಲೆ ಒರೆಸಿದ್ದೇ ಬಂತು.

“ಏನಾತ ನೀಲಾ?” ಕಸ್ತೂರಕ್ಕ ಬಗ್ಗಿದಳು.

“ಎರಡೂ ಎಳಿ ಹೋದುವಕ್ಕಾ.”

ಅವಳ ಮುಖ ಬಿಳಿಚಿತು. ಕಡಿದ ತುದಿಗಳೊಂದಿಗೇ ಬಿಚ್ಚಿಕೊಂಡ ಹುರಿಯವರು ಸಂಜೆಯ ತನಕ ಉಳಿದದ್ದಿಲ್ಲ. ಇದು ನಮ್ಮೂರಿನ ಕೂಸಿಗೂ ಗೊತ್ತು. “ಹಂಗ ತುದಿಗೆ ತುದಿ ಕಟ್ಟಿಬಿಡಲ್ಲ,” ಎಂದಳು.

ಕಟ್ಟಬಹುದಿತ್ತು. ನಾಲ್ಕು ತುದಿ ಸೇರಿಸಿ ಎರಡು ಬಿಗಿ ಗಂಟು ಹಾಕಿದರೆ ಜೀವ ಉಳಿಯುತ್ತಿತ್ತು, ಇಪ್ಪತ್ತೊಂದು ಗಂಟು ಹೋದವು ಎಂದರಾಯಿತು. ಅವುಗಳೊಂದಿಗೆ ಏನು ಹೋಗುತ್ತಿತ್ತೋ ಯಾರಿಗೆ ಗೊತ್ತು; ಮೂಗಂತೂ ಸರಿಯೇ, ಕಣ್ಣೂ ಹೋಗಬಹುದು. ಗಂಟಿಗೆ ಗಂಟು ಕೂಡಿಸಬೇಕೆಂದರೆ ಅದನ್ನು ಓದಲು ಲೋಕದಲ್ಲಿ ಇರುವುದು ಒಂದೇ ಹುರಿ, ಪದ್ಮಕ್ಕನದು. ಅದರಲ್ಲಿ ನನ್ನ ತಪ್ಪು ಕೂತಿದೆ. ಎರಡು ಹುರಿ ಪಕ್ಕಪಕ್ಕ ಮಲಗಿದ ದಿನ ನನ್ನ ಬಣ್ಣ ಬಯಲು. ಸತ್ಯ ಹೇಳುತ್ತೇನೆ, ಒಂದು ಉಸಿರಿನ ಹೊತ್ತು ನನ್ನ ಬೆರಳುಗಳು ತುದಿಗೆ ತುದಿ ಸೇರಿಸಲು ಹೋದವು. ಕಸ್ತೂರಕ್ಕ ನನ್ನನ್ನೇ ನೋಡುತ್ತಿದ್ದಳು, ದೇವರನ್ನು ನೋಡಿದಂತೆ. ನನಗೆ ನನ್ನ ಮೇಲೇ ಅಸಹ್ಯ ಹುಟ್ಟಿತು.

“ಈ ತುದಿ ಈ ಕೈಯಾಗ, ಆ ತುದಿ ಆ ಕೈಯಾಗ ಹಿಡಕೊ. ಸೀನು ಬಂದರೂ ಬಿಡಬ್ಯಾಡ,” ಎಂದು ಹೇಳಿ ಸೆರಗು ಬಿಗಿದು ಓಡಿದೆ.

ಮೇಲಿನ ಓಣಿಗೆ ತೊಂಬತ್ತು ಮೆಟ್ಟಿಲು. ಹತ್ತುವಾಗ ಎದೆ ಡವಡವ, ಆದರೆ ಕಾಲಿಗೆ ರೆಕ್ಕೆ. ಹಿಟ್ಟಿನ ಬುಟ್ಟಿ ಹೊತ್ತವರು ಗೋಡೆಗೆ ಒತ್ತಿ ನಿಂತರು, ಯಾರದೋ ಮೇಕೆ ಹಗ್ಗ ಹರಿದುಕೊಂಡು ನನ್ನ ಜೊತೆಗೇ ಓಡಿಬಂತು. ಪದ್ಮಕ್ಕನ ಮನೆ ಹೊಕ್ಕಾಗ ಅವಳು ಬಾಣಲೆಗೆ ಕಿವಿ ಹಚ್ಚಿದಂತೆ ಬಗ್ಗಿ ಕೊತ್ತಂಬರಿ ಬೀಜ ಹುರಿಯುತ್ತಿದ್ದಳು. ಮೂಗು ಹೋದ ಮೇಲೆ ಅವಳು ಸಪ್ಪಳದ ಮೇಲೆಯೇ ಹುರಿಯಲು ಕಲಿತಿದ್ದಳು, ಬೀಜ ಚಿಟಪಟ ಎನ್ನುವುದು ನಿಂತು ಸರಸರ ಎಂದರೆ ಇಳಿಸುವುದು. ಅತ್ತೆ ಮೂಲೆಯಲ್ಲಿ ಕೂತು ಹುರಿಯನ್ನು ಮೊರದಲ್ಲಿ ಹಾಸಿಕೊಂಡಿದ್ದಳು.

“ಕಸ್ತೂರಕ್ಕಗ ಜೋಡಿಗಡಿತ ಆಗೇತಿ. ಮೂರನೇ ಗೇಣು,” ಏದುಸಿರಿನಲ್ಲಿ ಹೇಳಿದೆ. “ಪದ್ಮಕ್ಕಾ, ನಿನ್ನ ಹುರಿ ಬೇಕು. ಒಟ್ಟ ಹೊತ್ತಿಲ್ಲ.”

ಏನೆಂದಾಳು, ಹನ್ನೊಂದು ವರ್ಷದ ಸಿಟ್ಟು ಎಂದು ನಾನು ಹೆದರಿದ್ದೆ. ಪದ್ಮಕ್ಕ ಸೌಟು ಎಸೆದಳು, ಮೊರದ ಸಮೇತ ಹುರಿಯನ್ನು ಎತ್ತಿಕೊಂಡಳು, ನನಗಿಂತ ಮುಂಚೆ ಮೆಟ್ಟಿಲಿಳಿಯುತ್ತಿದ್ದಳು. ಹಿಂದಿನಿಂದ ಅತ್ತೆ, “ಬಾಣಲಿ ಇಳಿಸ್ರೇ, ಮನಿ ಸುಡತೈತಿ!” ಎಂದು ಕೂಗುತ್ತ, ತಾನೇ ಇಳಿಸಿ, ಮೊಣಕಾಲು ಹಿಡಿದುಕೊಂಡು ಬಂದಳು.

ಹುರಿಮನೆಯಲ್ಲಿ ಕಸ್ತೂರಕ್ಕ ಎರಡು ತುದಿ ಹಿಡಿದು ಕಲ್ಲಿನಂತೆ ಕೂತಿದ್ದಳು. ಅಕ್ಕತಂಗಿಯರು ಮುಖ ನೋಡಿಕೊಂಡರು. ಪದ್ಮಕ್ಕ ಮೊರವನ್ನು ಮಣೆಯ ಪಕ್ಕಕ್ಕೆ ಇಟ್ಟು, ತಂಗಿಯ ಕಣ್ಣಿಂದ ಇಳಿಯುತ್ತಿದ್ದ ನೀರನ್ನು ತನ್ನ ಸೆರಗಿನಿಂದ ಒರೆಸಿದಳು. ತಂಗಿಯ ಎರಡು ಕೈಯೂ ತುದಿ ಹಿಡಿದಿದ್ದವಲ್ಲ. ನೆರಳು ಒಂದೂವರೆ ಗೇಣಿಗೆ ಬಂದಿತ್ತು.

ನಾನು ಕೂತೆ. ಆ ಹುರುಪನ್ನು ಹೇಗೆ ಹೇಳಲಿ! ಭಯ ಎಲ್ಲಿ ಹೋಯಿತೋ, ಬೆರಳುಗಳೇ ಕಣ್ಣಾದವು. ಅತ್ತೆ ಓದುತ್ತಾಳೆ: ಕೆಂಪು, ಹಳದಿ, ಹಳದಿ, ಬಿಳಿ. ನಾನು ಮೇಲಿನೆಳೆಗೆ ಕಟ್ಟಿ ಎದುರೆಳೆಗೆ ಜೊತೆಗಂಟು ಹಾಕುತ್ತೇನೆ: ಬಿಳಿ, ಕಪ್ಪು, ಕಪ್ಪು, ಕೆಂಪು. ಹುರಿ ಕಣ್ಣೆದುರೇ ಬೆಳೆಯುತ್ತಿತ್ತು. ಆರು, ಏಳು, ಎಂಟು. ಹೊರಗೆ ಜನ ಸೇರಿ ನೆರಳನ್ನು ಕೂಗಿ ಹೇಳುತ್ತಿದ್ದರು, ಒಂದು ಗೇಣು, ಮುಕ್ಕಾಲು ಗೇಣು. ಹನ್ನೊಂದು, ಹನ್ನೆರಡು, ಹದಿಮೂರು.

“ಕೆಂಪು,” ಎಂದಳು ಅತ್ತೆ.

ನನ್ನ ಕೈ ನಿಂತಿತು.

“ಕೆಂಪು ಅಂದೆ. ಕಿವಿ ಕೇಳೂದಿಲ್ಲೇನ?”

ಕೆಂಪು ಕಟ್ಟಿದ್ದರೆ ಎರಡು ಹುರಿಯೂ ಒಂದೇ ಆಗುತ್ತಿದ್ದವು. ಲೋಕದಲ್ಲಿ ಸಾಕ್ಷಿಯೇ ಉಳಿಯುತ್ತಿರಲಿಲ್ಲ. ಕಸ್ತೂರಕ್ಕನ ಮೂಗೂ ಸಾಯುತ್ತಿತ್ತು, ಅಷ್ಟೇ. ಕಿಡಿಯ ಮೇಲೆ ಹಾಕಿ ಕೈತೊಳೆದುಕೊಳ್ಳಬಹುದಿತ್ತು. ನಾನು ಹಳದಿ ದಾರ ಎತ್ತಿಕೊಂಡೆ.

“ಇದು ಹಳದಿ ಅತ್ತಿ. ಪದ್ಮಕ್ಕನ ಹುರಿಯಾಗ ಇರೋದು ತಪ್ಪು. ನಾ ಹಾಕಿದ ತಪ್ಪು. ಅವತ್ತ ಏಳು ಹೆಜ್ಜಿ ನಡದು ನೋಡಲಿಲ್ಲ. ಮರುದಿನ ನೋಡಿದೆ, ಗೊತ್ತಾತು, ಸುಮ್ಮನಿದ್ದೆ.” ನನ್ನ ದನಿ ನನಗೇ ದೂರದಿಂದ ಕೇಳಿಸಿತು. “ಪದ್ಮಕ್ಕಾ, ನಿನ್ನ ಮೂಗು ಹೋದದ್ದು ಅದಕ್ಕ.”

“ಮೂಗು?” ಎಂದಳು ಕಸ್ತೂರಕ್ಕ. “ಮೂಗು ಹೋಗಿತ್ತೇನ ನಿಂದು?”

ಪದ್ಮಕ್ಕ ತಲೆ ತಗ್ಗಿಸಿದಳು. ಬಾಗಿಲ ತುಂಬ ಮುಖಗಳು. ನಾನು ಹಳದಿ ಕಟ್ಟಿದೆ, ಎದುರಿಗೆ ಕಪ್ಪು ಕಟ್ಟಿದೆ, ಮುಂದಿನ ಏಳು ಗಂಟನ್ನು ಅತ್ತೆ ಒಡಕು ದನಿಯಲ್ಲಿ ಓದಿದಂತೆ ಕಟ್ಟಿ ಮುಗಿಸಿ ತುದಿ ಬಿಗಿದೆ. ಕಸ್ತೂರಕ್ಕನ ಕೈಗಳು ಬಿಡುಗಡೆಯಾದವು. ಆ ಕೈಗಳಿಂದ ಅವಳು ಮೊದಲು ಮಾಡಿದ ಕೆಲಸ, ಅಕ್ಕನ ಬೆನ್ನಿಗೆ ದಬದಬ ಎರಡು ಗುದ್ದಿದ್ದು. “ಹೇಳಬಾರದಾಗಿತ್ತೇನ? ನನಗರ ಹೇಳಬಾರದಾಗಿತ್ತೇನ?” ಎಂದು ಗುದ್ದುತ್ತಲೇ ಅಪ್ಪಿಕೊಂಡು ಅತ್ತಳು.

ಪದ್ಮಕ್ಕ ಅವಳ ತೋಳಿನೊಳಗಿಂದಲೇ ನನ್ನ ಕಡೆ ತಿರುಗಿದಳು. “ಇನ್ನೂ ಎಷ್ಟು ಹೊತ್ತೈತಿ?”

“ನಾಕು ಬೆರಳು ನೆರಳು!” ಬಾಗಿಲಿನಿಂದ ಯಾರೋ ಕೂಗಿದರು.

“ಹಂಗಾರ ನಂದು ತಗಿ. ಆ ಗಂಟು ಕತ್ತರಿಸು.”

ನಮ್ಮಲ್ಲಿ ಇದೊಂದು ನೇಮ: ಕಿಡಿ ಕಡಿದದ್ದನ್ನು ಕೂಡಿಸಬಹುದು, ಗಟ್ಟಿಯಿರುವ ಹುರಿಗೆ ಹುರಿಗಾರ್ತಿ ಕತ್ತರಿ ಇಟ್ಟದ್ದು ಎಂದೂ ಇಲ್ಲ. ಇಟ್ಟವಳು ಮತ್ತೆ ಹುರಿಮನೆಯ ಹೊಸಿಲು ತುಳಿಯುವ ಹಾಗಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಈಗ ಬೈಯುತ್ತಾಳೆ, ಈಗ ಹೊಡೆಯುತ್ತಾಳೆ ಎಂದುಕೊಂಡೆ. ಎಪ್ಪತ್ತರ ಆ ಮುದುಕಿ, ಊರಿನಲ್ಲಿ ಅರ್ಧ ಜನದ ಹುರಿ ಹೊಸೆದವಳು, ಸೊಂಟದ ಚೀಲದಿಂದ ಕತ್ತರಿ ತೆಗೆದಳು.

“ನಂದು ನಾಕು ಅದಾವ,” ಎಂದಳು.

ನನಗೆ ಅರ್ಥವಾಗಲಿಲ್ಲ.

“ತಪ್ಪು. ನಲವತ್ತೆಂಟು ವರ್ಷದಾಗ ನಾಕು. ಯಾರ್ಯಾರಿಗೆ ಅಂತನೂ ಗೊತ್ತದ. ಎರಡು ಮಂದಿ ಈಗಿಲ್ಲ.” ಬಾಗಿಲಿನ ಜನರತ್ತ ಒಮ್ಮೆ ನೋಡಿ ಮತ್ತೆ ಹುರಿಯ ಮೇಲೆ ಬಗ್ಗಿದಳು. “ಹೊಸಿಲು ದಾಟಬ್ಯಾಡ ಅಂದ್ರ ನನಗ ಅನ್ನಲಿ. ಕತ್ತರಿಸೂದು ನಾನು, ಕಟ್ಟೂದು ನೀನು. ಎರಡೂ ಎಳಿ ಒಮ್ಮಿಗೆ ಬ್ಯಾಡ, ಜೀವಕ್ಕ ಅಪಾಯ. ಮೊದಲ ಮ್ಯಾಲಿಂದು; ಅದು ಕಟ್ಟಿದ ಮ್ಯಾಲೆ ಅದನ್ನ ನೋಡಿ ಕೆಳಗಿಂದು.”

ಕತ್ತರಿ ಕಚ್ಚಿತು. ಪದ್ಮಕ್ಕ ಹಲ್ಲು ಕಚ್ಚಿ ಕೂತಳು. ಕೆಂಪು ಗಂಟು ಉದುರಿತು. ಹನ್ನೊಂದು ವರ್ಷ ನನ್ನ ನಿದ್ದೆ ತಿಂದದ್ದು ಸಾಸಿವೆ ಕಾಳಿನಷ್ಟಿತ್ತು. ಹಳದಿ ಸೇರಿಸಿ ಬಿಗಿದೆ. “ಎರಡು ಬೆರಳು!” ಕೆಳಗಿನ ಎಳೆ, ಮತ್ತೆ ಕತ್ತರಿ, ಬಿಳಿ ಹೋಯಿತು, ಕಪ್ಪು ಬಂತು. ದಾರ ಬೆವರಿಗೆ ಜಾರಿತು. ಕಸ್ತೂರಕ್ಕ ತನ್ನ ಉಗುರಿನಿಂದ ತುದಿ ಒತ್ತಿ ಹಿಡಿದಳು, ನಾನು ಎಳೆದೆ. “ಬಂತು, ಬಂತು!” ಎಂದು ಜನ ಕೂಗಿದರು. ಗಂಟು ಕೂತಿತು.

ನೆರಳು ಬುಡ ಸೇರಿತು. ಎರಡು ಹುರಿಯೂ ಒಟ್ಟಿಗೆ ನಡುಗಿ ಮೆಲ್ಲಗೆ ಬಿಚ್ಚಿಕೊಂಡವು. ನಾಲ್ಕು ಎಳೆ ಮಣೆಯ ಮೇಲೆ ಉದ್ದಕ್ಕೆ ಮಲಗಿದವು. ಎಲ್ಲೂ ತುಂಡಿಲ್ಲ. ಜನ ಹೋ ಎಂದು ಅರಚಿದರು. ನಾನು ಅತ್ತೆಯ ಮಡಿಲಲ್ಲಿ ಮುಖ ಇಟ್ಟು ನಕ್ಕೆನೋ ಅತ್ತೆನೋ, ನನಗೇ ತಿಳಿಯಲಿಲ್ಲ.

ಹೊಸೆದು ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ನಾನು ಬೆಳ್ಳಿಯ ದಬ್ಬಣವನ್ನು ಹಿರಿಯರ ಮುಂದಿಟ್ಟೆ. ಅವರು ನನ್ನನ್ನು ಗೂಟ ಒರೆಸುವ ಕೆಲಸಕ್ಕೆ ಇಳಿಸಿದರು, ಒಂದು ವರ್ಷಕ್ಕೆ. ಅತ್ತೆಯ ವಿಚಾರ ಕೂಡಿ ಕೂತು ಮಾತಾಡುತ್ತೇವೆ ಎಂದರು. ಮರುದಿನ ಬೆಳಿಗ್ಗೆ ನೋಡಿದರೆ ಅಣ್ಣತಮ್ಮ, ತಾಯಿಮಗಳು ಎಂದು ಜನ ಜೋಡಿ ಜೋಡಿಯಾಗಿ, ನಮ್ಮ ಹುರಿಗಳನ್ನೂ ಪಕ್ಕಪಕ್ಕ ಇಟ್ಟು ನೋಡವ್ವ ಎಂದು ಅತ್ತೆಯ ಮನೆ ಮುಂದೆಯೇ ಸಾಲು ನಿಂತಿದ್ದರು. ಹಿರಿಯರ ಮಾತು ಅಲ್ಲಿಗೇ ನಿಂತಿತು.

ಪದ್ಮಕ್ಕ ಮಾತ್ರ ಅವತ್ತು ನನ್ನೊಡನೆ ಮಾತಾಡದೆ ತಂಗಿಯ ಕೈ ಹಿಡಿದು ಹೊರಟುಹೋದಳು. ಹುರಿ ಸರಿಯಾದರೂ ಮೈ ತಕ್ಷಣ ಒಪ್ಪುವುದಿಲ್ಲ, ಹಳೆಯದು ಉದುರಿ ಹೊಸದು ಚಿಗುರಬೇಕು. ಹತ್ತು ದಿನವಾಯಿತು, ಹದಿನೈದಾಯಿತು. ನಾನು ದಿನವೂ ಗೂಟ ಒರೆಸಿ ಮನೆಗೆ ಬಂದು ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದೆ. ಗಂಟು ಜಾರಿದ್ದರೆ? ಹೊತ್ತು ಮೀರಿ ಕಟ್ಟಿದ್ದರೆ? ಅನ್ನ ಸೇರಲಿಲ್ಲ. ಹೋಗಿ ಕೇಳಲು ಮುಖವಿರಲಿಲ್ಲ.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದೆ. ಪದ್ಮಕ್ಕ ಮೆಟ್ಟಿಲಿಳಿದು ಬಂದು ಗೇಟಿನ ಬಳಿ ನಿಂತಳು. ನಾನು ಪೊರಕೆ ಹಿಡಿದು ಹಾಗೇ ನಿಂತೆ. ಬೈಯಲೆಂದು ಬಂದಿದ್ದಳು, ಮುಖದಲ್ಲೇ ಗೊತ್ತಾಗುತ್ತಿತ್ತು, ಬಾಯಿಯನ್ನೂ ತೆರೆದಳು. ಹುಬ್ಬು ಗಂಟಿಕ್ಕಿ ತಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿಸಿದಳು.

“ಏ ನೀಲಾ,” ಎಂದಳು, “ಒಳಗ ನಿನ್ನ ಹಾಲು ಸೀಯಾಕ್ಹತ್ತೇತಿ.”

ನನಗೆ ಇನ್ನೂ ವಾಸನೆ ಬಂದಿರಲಿಲ್ಲ. ತಿರುಗಿ ನೋಡಿದೆ; ಅಡಿಗೆಮನೆಯ ಕಿಟಕಿಯಲ್ಲಿ ಆಗಷ್ಟೇ ಹೊಗೆ ಕಾಣತೊಡಗಿತ್ತು. ಒಳಗೆ ಓಡಬೇಕಿತ್ತು. ಓಡಲಿಲ್ಲ. ಪದ್ಮಕ್ಕ ಕಣ್ಣು ಮುಚ್ಚಿ, ಗೇಟಿನ ಕಂಬಿ ಎರಡೂ ಕೈಯಲ್ಲಿ ಹಿಡಿದು, ಸೀದ ಹಾಲಿನ ಆ ಕಮಟನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದಳು, ಮತ್ತೆ ಮತ್ತೆ. ಪಾತ್ರೆ ತಳ ಹಿಡಿದು ಹಾಳಾಗುವ ತನಕ ನಾನು ಅಲ್ಲೇ ನಿಂತಿದ್ದೆ.